ಮರುಭೂಮಿಗೆ ತಕ್ಕ ಫೋರ್ಕ್ ಅರಸಿದ ನಟ

ಹಾಲಿವುಡ್ ನಟ ಸ್ಟೀವ್ ಮೆಕ್ವೀನ್ ಎಂದೊಡನೆ ಚಿತ್ರರಸಿಕರ ಕಣ್ಣಮುಂದೆ ಬರುವುದು 1963ರ ‘ದಿ ಗ್ರೇಟ್ ಎಸ್ಕೇಪ್’ ಚಿತ್ರದ ದೃಶ್ಯ. ಜರ್ಮನ್ನರ ಸೆರೆಯಿಂದ ತಪ್ಪಿಸಿಕೊಂಡ ಯುದ್ಧಕೈದಿಯೊಬ್ಬ ಮೋಟಾರ್ ಸೈಕಲ್ ಏರಿ ಮುಳ್ಳುತಂತಿಯ ಬೇಲಿಯನ್ನು ಹಾರುತ್ತಾನೆ. ಅಚ್ಚರಿಯ ಸಂಗತಿಯೆಂದರೆ ಆ ಬೇಲಿ ಹಾರಿದ್ದು ಮೆಕ್ವೀನ್ ಅಲ್ಲ, ಅವರ ಗೆಳೆಯ ಬಡ್ ಎಕಿನ್ಸ್. ತೆರೆಯ ಮೇಲಿನ ಆ ಜಿಗಿತದ ಕೀರ್ತಿ ಮೆಕ್ವೀನ್ ಅವರಿಗೆ ಸಂದಿತು. ಆದರೆ ಕ್ಯಾಮೆರಾ ಇಲ್ಲದ ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ಅವರು ಬೈಕ್ ಓಡಿಸಿದ್ದು ಸ್ವಂತ ಬಲದಿಂದ. ಅಲ್ಲಿ ಡ್ಯೂಪ್ ಇರಲಿಲ್ಲ. ಸವಾರನ ಪ್ರಾಣವನ್ನು ಕಾಯಬೇಕಾದದ್ದು ಆತನ ಎರಡು ಕೈಗಳು ಮತ್ತು ಅವುಗಳ ಕೆಳಗಿನ ಫೋರ್ಕ್.

ಹೊಲದಿಂದ ಹಾಲಿವುಡ್‌ಗೆ

ಮೆಕ್ವೀನ್ ಹುಟ್ಟಿದ್ದು 1930ರ ಮಾರ್ಚ್ 24ರಂದು, ಅಮೆರಿಕದ ಇಂಡಿಯಾನಾ ರಾಜ್ಯದ ಬೀಚ್ ಗ್ರೋವ್‌ನಲ್ಲಿ. ತಂದೆ ಬೇಗನೆ ಮನೆ ತೊರೆದರು. ಬಾಲಕ ಮಿಸ್ಸೌರಿಯ ಸ್ಲೇಟರ್ ಎಂಬ ಊರಿನ ಬಂಧುವೊಬ್ಬರ ಹೊಲಮನೆಯಲ್ಲಿ ಬೆಳೆದ. ಹದಿಹರೆಯದಲ್ಲಿ ಪುಂಡಾಟಕ್ಕಿಳಿದಾಗ ಕ್ಯಾಲಿಫೋರ್ನಿಯಾದ ಚೀನೋದಲ್ಲಿರುವ ‘ಬಾಯ್ಸ್ ರಿಪಬ್ಲಿಕ್’ ಸುಧಾರಣಾ ಶಾಲೆ ಸೇರಬೇಕಾಯಿತು. 1947ರಿಂದ 1950ರವರೆಗೆ ಮರೀನ್ ಪಡೆಯಲ್ಲಿ ದುಡಿದು, ನಂತರ ನ್ಯೂಯಾರ್ಕ್‌ನಲ್ಲಿ ನಟನೆ ಕಲಿತರು. ಅವಕಾಶಗಳಿಲ್ಲದ ಆ ದಿನಗಳಲ್ಲಿ ವಾರಾಂತ್ಯದ ಮೋಟಾರ್ ಸೈಕಲ್ ರೇಸ್‌ಗಳಲ್ಲಿ ಗೆದ್ದ ಹಣ ಅವರ ಹೊಟ್ಟೆ ಹೊರೆಯಲು ನೆರವಾಯಿತು. ಮುಂದೆ ಕಿರುತೆರೆ ಧಾರಾವಾಹಿಯೊಂದು, 1960ರ ‘ದಿ ಮ್ಯಾಗ್ನಿಫಿಸೆಂಟ್ ಸೆವೆನ್’ ಚಿತ್ರ ಅವರನ್ನು ತಾರೆಯಾಗಿಸಿದವು. ಆದರೂ ಬೈಕಿನ ನಂಟು ಬಿಡಲಿಲ್ಲ.

ಸೈಡ್‌ಕಾರ್ ಸ್ಪ್ರಿಂಗ್‌ನ ಉಪಾಯ

ಅಂದಿನ ಮರುಭೂಮಿ ಸವಾರರ ಮೆಚ್ಚಿನ ವಾಹನ ಇಂಗ್ಲೆಂಡಿನ ಟ್ರಯಂಫ್ 650. ಎಂಜಿನ್ ಬಲಶಾಲಿ, ಆದರೆ ಮುಂದಿನ ಫೋರ್ಕ್ ಮೂಲತಃ ರಸ್ತೆಯ ಓಡಾಟಕ್ಕೆ ಹೊಂದುವಂಥದ್ದು. ಟೆಲಿಸ್ಕೋಪಿಕ್ ಫೋರ್ಕ್‌ನಲ್ಲಿ ಒಂದು ಕೊಳವೆ ಮತ್ತೊಂದರೊಳಗೆ ಜಾರುತ್ತದೆ. ಒಳಗಿನ ಸ್ಪ್ರಿಂಗ್ ಹೊಡೆತವನ್ನು ತಾಳಿಕೊಂಡರೆ, ಸಣ್ಣ ರಂಧ್ರಗಳ ಮೂಲಕ ನುಗ್ಗುವ ಎಣ್ಣೆ ಸ್ಪ್ರಿಂಗ್ ರಭಸದಿಂದ ಮರಳಿ ಚಿಮ್ಮದಂತೆ ತಡೆಯುತ್ತದೆ. ಸ್ಪ್ರಿಂಗ್ ಮೆತ್ತಗಿದ್ದರೆ ದೊಡ್ಡ ಹಳ್ಳಕ್ಕೆ ಇಳಿದಾಗ ಫೋರ್ಕ್ ಪೂರ್ತಿ ಕುಸಿದು ಲೋಹಕ್ಕೆ ಲೋಹ ಬಡಿಯುತ್ತದೆ, ಪೆಟ್ಟು ನೇರವಾಗಿ ಮಣಿಕಟ್ಟಿಗೆ ತಾಗುತ್ತದೆ. ತೀರಾ ಬಿಗಿಯಾಗಿದ್ದರೆ ಚಕ್ರ ಕಲ್ಲುಗಳ ಮೇಲೆ ಪುಟಿದು ನೆಲದ ಹಿಡಿತ ಕಳೆದುಕೊಳ್ಳುತ್ತದೆ. ಇವೆರಡರ ನಡುವಿನ ಹದವೇ ಸವಾರನ ಅದೃಷ್ಟ.

ಟ್ರಯಂಫ್ ಮಾರಾಟಗಾರರೂ ನುರಿತ ಮರುಭೂಮಿ ಸವಾರರೂ ಆಗಿದ್ದ ಎಕಿನ್ಸ್ ಈ ಹದವನ್ನು ಬಲ್ಲವರು. ಮೆಕ್ವೀನ್ ಅವರ ಟ್ರಯಂಫ್‌ಗೆ ಸೈಡ್‌ಕಾರ್ ಹೊರುವ ಬೈಕುಗಳಿಗೆಂದೇ ತಯಾರಾದ ಬಲವಾದ ಸ್ಪ್ರಿಂಗ್‌ಗಳನ್ನು ಹಾಕಲಾಯಿತು. ಫೋರ್ಕ್‌ನ ಓರೆಯನ್ನೂ ತುಸು ಬದಲಿಸಲಾಯಿತು. ಫೋರ್ಕ್ ಹೆಚ್ಚು ಮುಂದಕ್ಕೆ ಚಾಚಿದಷ್ಟೂ ಮರಳಿನಲ್ಲಿ ವೇಗವಾಗಿ ಸಾಗುವಾಗ ಬೈಕ್ ನೇರವಾಗಿ ಓಡುತ್ತದೆ. ಇಕ್ಕಟ್ಟಿನ ತಿರುವಿನಲ್ಲಿ ಮಾತ್ರ ತಿರುಗಲು ಹಟ ಮಾಡುತ್ತದೆ.

1964ರ ಸೆಪ್ಟೆಂಬರ್‌ನಲ್ಲಿ ಪೂರ್ವ ಜರ್ಮನಿಯ ಎರ್‌ಫುರ್ಟ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಆರು ದಿನಗಳ ಮೋಟಾರ್ ಸೈಕಲ್ ಪರೀಕ್ಷೆಗೆ ಅಮೆರಿಕ ತಂಡದ ಸದಸ್ಯರಾಗಿ ಮೆಕ್ವೀನ್ ತೆರಳಿದರು. ಅಲ್ಲಿ ಅವರು ತಾರೆಯಲ್ಲ, ಬರಿಯ ಸ್ಪರ್ಧಿ. ಮೂರನೆಯ ದಿನ ಮಾರ್ಗದಲ್ಲಿ ಎದುರಾದ ಪ್ರೇಕ್ಷಕನೊಬ್ಬನ ಬೈಕಿನಿಂದಾಗಿ ಬಿದ್ದು ಸ್ಪರ್ಧೆಯಿಂದ ಹೊರಬಿದ್ದರು. ಎಕಿನ್ಸ್ ಅವರದೂ ಕಾಲು ಮುರಿಯಿತು. ಪದಕವಿಲ್ಲದೆ ಮರಳಿದರೂ ಮೆಕ್ವೀನ್ ಅವರ ಹುಮ್ಮಸ್ಸು ಕುಗ್ಗಲಿಲ್ಲ.

ಮಿಶ್ರತಳಿಯ ಬೈಕ್

ಸ್ಪ್ರಿಂಗ್ ಬದಲಿಸಿದರೂ ಹಳೆಯ ಫೋರ್ಕ್ ಹಳೆಯದೇ. ಮುಂದಿನ ಹೆಜ್ಜೆಯಾಗಿ ಮೆಕ್ವೀನ್ ಇಂಗ್ಲೆಂಡಿನ ರಿಕ್‌ಮನ್ ಸಹೋದರರಾದ ಡೆರೆಕ್ ಮತ್ತು ಡಾನ್ ಅವರ ‘ಮೆಟಿಸ್’ ಚೌಕಟ್ಟಿನತ್ತ ಹೊರಳಿದರು. ನಿಕಲ್ ಲೇಪಿಸಿದ ಆ ಚೌಕಟ್ಟಿಗೆ ಟ್ರಯಂಫ್ 650 ಎಂಜಿನ್ ಕೂರಿಸಿ, ಮುಂದೆ ಇಟಲಿಯ ಚೆರಿಯಾನಿ ಫೋರ್ಕ್ ಜೋಡಿಸಲಾಯಿತು. ಮೆಟಿಸ್ ಎಂದರೆ ಫ್ರೆಂಚ್ ಭಾಷೆಯಲ್ಲಿ ಮಿಶ್ರತಳಿ. ಹೆಸರಿಗೆ ತಕ್ಕ ಬೈಕ್ ಅದು.

ಇಂಥ ಬದಲಾವಣೆ ಕೇವಲ ಎರಡು ಕೊಳವೆ ತೆಗೆದು ಬೇರೆರಡನ್ನು ಸಿಕ್ಕಿಸುವ ಕೆಲಸವಲ್ಲ. ಫೋರ್ಕ್ ಹಿಡಿದಿಡುವ ಮೇಲಿನ ಮತ್ತು ಕೆಳಗಿನ ಕ್ಲ್ಯಾಂಪ್‌ಗಳು ಅದರ ದಪ್ಪಕ್ಕೆ ಹೊಂದಬೇಕು. ಹ್ಯಾಂಡಲ್ ತಿರುಗುವ ಬೇರಿಂಗ್, ಚಕ್ರದ ಅಚ್ಚು, ಬ್ರೇಕ್ ಎಲ್ಲವೂ ಒಂದಕ್ಕೊಂದು ಕೂಡಬೇಕು. ಹೊಸ ಫೋರ್ಕ್ ಉದ್ದವಾದರೆ ಬೈಕಿನ ಮುಂಭಾಗ ಮೇಲೆದ್ದು, ಓರೆ ತಾನಾಗಿಯೇ ಬದಲಾಗುತ್ತದೆ. ಒಂದು ಕಡೆ ತಪ್ಪಿದರೆ ದುಬಾರಿ ಫೋರ್ಕ್ ಕೂಡ ಸವಾರನನ್ನು ನೆಲಕ್ಕೆ ಕೆಡವುತ್ತದೆ.

1970ರ ಹೊತ್ತಿಗೆ ಭಾರದ ಇಂಗ್ಲಿಷ್ ಬೈಕುಗಳ ಕಾಲ ಮುಗಿಯುತ್ತಿತ್ತು. ಸ್ವೀಡನ್ನಿನ ಹಗುರವಾದ ಟೂ-ಸ್ಟ್ರೋಕ್ ಹಸ್ಕ್‌ವರ್ನಾ ಬೈಕುಗಳು ಮರುಭೂಮಿಯನ್ನು ಗೆದ್ದವು. ಬೈಕಿನ ತೂಕವೇ ಇಳಿದಾಗ ಮುಂದಿನ ಚಕ್ರದ ಮೇಲೆ ಬೀಳುವ ಪೆಟ್ಟೂ ಇಳಿಯಿತು. ಮೆಕ್ವೀನ್ ಹಳೆಯದಕ್ಕೆ ಅಂಟಿಕೊಳ್ಳದೆ ಹಸ್ಕ್‌ವರ್ನಾ 400 ಏರಿದರು. ಹಾರ್ವಿ ಮಶ್‌ಮನ್ ಎಂಬ ಸುಳ್ಳು ಹೆಸರಿನಲ್ಲಿ ರೇಸ್‌ಗಳಿಗೆ ಇಳಿಯುತ್ತಿದ್ದರು. ಅವರ ಸಂಸ್ಥೆಯ ಹಣದ ನೆರವಿನಿಂದ ಬ್ರೂಸ್ ಬ್ರೌನ್ ನಿರ್ಮಿಸಿದ ಸಾಕ್ಷ್ಯಚಿತ್ರ ‘ಆನ್ ಎನಿ ಸಂಡೇ’ 1971ರಲ್ಲಿ ತೆರೆಕಂಡು, ಬೈಕ್ ಸವಾರರೆಂದರೆ ಪುಂಡರು ಎಂಬ ಭಾವನೆಯನ್ನು ಅಲುಗಿಸಿತು. ಅದು ಆಸ್ಕರ್ ನಾಮನಿರ್ದೇಶನವನ್ನೂ ಪಡೆಯಿತು.

ಉಳಿದುಹೋದ ಪ್ರಶ್ನೆ

ಕಲ್ನಾರಿನ ಸಂಪರ್ಕದಿಂದ ಬರುವ ಮೆಸೊಥೀಲಿಯೋಮಾ ಎಂಬ ಕ್ಯಾನ್ಸರ್‌ಗೆ ತುತ್ತಾದ ಮೆಕ್ವೀನ್, 1980ರ ನವೆಂಬರ್ 7ರಂದು ಮೆಕ್ಸಿಕೋದ ಸ್ಯೂದಾದ್ ಹ್ವಾರೆಸ್ ನಗರದಲ್ಲಿ ಶಸ್ತ್ರಚಿಕಿತ್ಸೆಯ ಬಳಿಕ ಹೃದಯಾಘಾತದಿಂದ ಕೊನೆಯುಸಿರೆಳೆದರು. ವಯಸ್ಸು ಕೇವಲ 50. ಅವರ ಸಂಗ್ರಹದ ಬೈಕುಗಳು 1984ರಲ್ಲಿ ಹರಾಜಾದವು. 1999ರಲ್ಲಿ ಅಮೆರಿಕದ ಮೋಟಾರ್ ಸೈಕಲ್ ಹಾಲ್ ಆಫ್ ಫೇಮ್ ಅವರ ಹೆಸರನ್ನು ಸೇರಿಸಿಕೊಂಡಿತು.

ಹಳೆಯ ಬೈಕನ್ನು ಉಳಿಸುವವರಲ್ಲಿ ಒಂದು ವಾದ ಮುಗಿಯುವುದಿಲ್ಲ. ಕಾರ್ಖಾನೆಯ ಮೂಲ ಫೋರ್ಕನ್ನೇ ಇಟ್ಟುಕೊಳ್ಳಬೇಕೇ, ಉತ್ತಮವಾದುದನ್ನು ಹಾಕಬೇಕೇ ಎಂಬುದು. ಗಾಜಿನ ಹಿಂದೆ ನಿಲ್ಲುವ ಬೈಕಿಗೆ ಮೂಲ ಫೋರ್ಕ್ ಸೊಗಸು. ಮೆಕ್ವೀನ್ ಅವರ ಬೈಕುಗಳಾದರೋ ಓಡುವುದಕ್ಕಾಗಿ ಹುಟ್ಟಿದವು, ಓಡುತ್ತಲೇ ಬದಲಾದವು. ಇಂದು ಅವುಗಳನ್ನು ಇದ್ದಂತೆಯೇ ಕಾಪಾಡಬಯಸುವವರು ಆ ಸೈಡ್‌ಕಾರ್ ಸ್ಪ್ರಿಂಗ್‌ಗಳನ್ನೂ ಚೆರಿಯಾನಿ ಫೋರ್ಕನ್ನೂ ಕಾಪಾಡಬೇಕಾಗುತ್ತದೆ.