ನೌಕರಿಯೂ ನಾಟಕವೂ: ಅಣ್ಣಾಸಾಹೇಬ ಕಿರ್ಲೋಸ್ಕರರ ಜೀವನ

ನಮ್ಮ ವಾಗದರಿಯ ಸುತ್ತಮುತ್ತಲಿನ ಹಳ್ಳಿಗಳಲ್ಲಿ ನಾಟಕವೆಂದರೆ ಎಲ್ಲರಿಗೂ ಅಚ್ಚುಮೆಚ್ಚು. ಮನೆಯಲ್ಲಿ ಕನ್ನಡ, ಅಕ್ಕಲಕೋಟೆ ಸೊಲ್ಲಾಪುರದ ಪೇಟೆಯಲ್ಲಿ ಮರಾಠಿ ಆಡುವ ನಮಗೆ ಎರಡೂ ಭಾಷೆಗಳ ನಾಟಕ ನೋಡುವ ಭಾಗ್ಯವಿದೆ. ಆದರೆ ಮನೆಯ ಹುಡುಗನೇ ಬಣ್ಣ ಹಚ್ಚುತ್ತೇನೆ ಎಂದರೆ ಹಿರಿಯರ ಮುಖ ಬಾಡುತ್ತದೆ. ನಾಟಕದಿಂದ ಹೊಟ್ಟೆ ತುಂಬುವುದೇ ಎಂಬ ಚಿಂತೆ ಅವರದು. ನೌಕರಿ ಹಿಡಿದರೆ ಕಲೆಯ ಗತಿಯೇನು ಎಂಬ ಚಿಂತೆ ಹುಡುಗನದು. ಈ ಎರಡೂ ಚಿಂತೆಗಳನ್ನು ಹೊತ್ತುಕೊಂಡು, ಅನೇಕ ವರ್ಷ ನೌಕರಿ ಮಾಡುತ್ತಲೇ ರಂಗಭೂಮಿಯ ಇತಿಹಾಸವನ್ನು ಬದಲಿಸಿದ ಒಬ್ಬ ಮಹನೀಯರ ಜೀವನವನ್ನು ಇಲ್ಲಿ ಸಂಕ್ಷೇಪವಾಗಿ ತಿಳಿದುಕೊಳ್ಳೋಣ. ಅವರೇ ಅಣ್ಣಾಸಾಹೇಬ ಕಿರ್ಲೋಸ್ಕರರು.

ಅವರ ಪೂರ್ಣ ಹೆಸರು ಬಲವಂತ ಪಾಂಡುರಂಗ ಕಿರ್ಲೋಸ್ಕರ. ಮರಾಠಿ ಸಂಗೀತ ನಾಟಕದ ಜನಕರೆಂದು ಪ್ರಸಿದ್ಧರಾದ ಇವರು ಹುಟ್ಟಿದ್ದು ಅಚ್ಚಗನ್ನಡದ ನೆಲದಲ್ಲಿ. ಬೆಳಗಾವಿ ಜಿಲ್ಲೆಯ ಸವದತ್ತಿ ಸಮೀಪದ ಗುರ್ಲಹೊಸೂರು ಅವರ ಜನ್ಮಸ್ಥಳ. ಜನ್ಮದಿನ 1843ನೆಯ ಮಾರ್ಚ್ 31. ಮುಂದೆ ಕಬ್ಬಿಣದ ನೇಗಿಲನ್ನು ತಯಾರಿಸಿ, 1910ರಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದ ಉದ್ಯಮಿ ಲಕ್ಷ್ಮಣರಾವ ಕಿರ್ಲೋಸ್ಕರರೂ ಇದೇ ಊರಿನವರು. ಒಂದು ಸಣ್ಣ ಊರು ನಾಡಿಗೆ ನಾಟಕವನ್ನೂ ನೇಗಿಲನ್ನೂ ಕೊಟ್ಟಿತು ಎಂಬುದು ಹೆಮ್ಮೆಯ ಸಂಗತಿಯಲ್ಲವೇ?

ಅಣ್ಣಾಸಾಹೇಬರು ಹುಟ್ಟಿದ ವರ್ಷವೇ ಮರಾಠಿ ರಂಗಭೂಮಿಯೂ ಹುಟ್ಟಿತು. ಉತ್ತರ ಕನ್ನಡದ ಕಡೆಯ ಭಾಗವತ ಮೇಳವೊಂದು ಸಾಂಗಲಿಗೆ ಬಂದು ಅಲ್ಲಿಯ ಅರಸರ ಎದುರು ಆಟ ಆಡಿತ್ತು. ಅದನ್ನು ಮೆಚ್ಚಿದ ಅರಸರು ಅಂಥದೇ ಆಟವನ್ನು ಮರಾಠಿಯಲ್ಲಿ ರಚಿಸಲು ವಿಷ್ಣುದಾಸ ಭಾವೆಯವರಿಗೆ ಅಪ್ಪಣೆ ಕೊಟ್ಟರು. ಅದರಂತೆ 1843ರಲ್ಲಿ ಭಾವೆಯವರ ಸೀತಾಸ್ವಯಂವರ ನಾಟಕ ರಂಗಕ್ಕೆ ಬಂದಿತು. ಹೀಗೆ ಕನ್ನಡದ ಬಯಲಾಟದಿಂದ ಮರಾಠಿ ನಾಟಕಕ್ಕೆ ಬೀಜ ಸಿಕ್ಕಿತು. ಆ ಸಸಿಯನ್ನು ಹೆಮ್ಮರವಾಗಿ ಬೆಳೆಸಿದವರೂ ಕನ್ನಡ ನೆಲದಲ್ಲಿ ಹುಟ್ಟಿದವರೇ ಎಂಬುದನ್ನು ನಾವು ಮರೆಯಬಾರದು.

ಬಾಲಕ ಬಲವಂತನಿಗೆ ಮನೆಯ ಸುತ್ತ ಕನ್ನಡ, ಮನೆಯೊಳಗೆ ಮರಾಠಿ. ಮುಂದೆ ಶಿಕ್ಷಣಕ್ಕಾಗಿ ಧಾರವಾಡ, ಕೊಲ್ಲಾಪುರ, ಪುಣೆ ಪಟ್ಟಣಗಳನ್ನು ಕಂಡದ್ದಾಯಿತು. ಸಂಸ್ಕೃತದಲ್ಲಿಯೂ ಅವರಿಗೆ ಒಳ್ಳೆಯ ಅಭಿರುಚಿ ಇತ್ತು. ಆದರೆ ಪುಣೆಗೆ ಹೋದ ಮೇಲೆ ಪುಸ್ತಕಕ್ಕಿಂತ ನಾಟಕದ ಕಡೆಗೆ ಮನಸ್ಸು ಹೆಚ್ಚು ಎಳೆಯಿತು. ನಾಟಕ ಮಂಡಳಿಗಳಿಗೆ ಪದಗಳನ್ನು ಕಟ್ಟಿಕೊಡತೊಡಗಿದರು. ಗೆಳೆಯರನ್ನು ಕೂಡಿಸಿಕೊಂಡು ಭರತಶಾಸ್ತ್ರೋತ್ತೇಜಕ ಮಂಡಳಿ ಎಂಬ ಸಂಸ್ಥೆಯನ್ನೂ ಕಟ್ಟಿದರು. ಹೆಸರು ದೊಡ್ಡದಾಗಿತ್ತು, ಆದರೆ ಸಂಸ್ಥೆ ಬಹಳ ಕಾಲ ನಿಲ್ಲಲಿಲ್ಲ. ಓದು ಅರ್ಧಕ್ಕೆ ನಿಂತಿತು, ನಾಟಕವೂ ಕೈಹಿಡಿಯಲಿಲ್ಲ. ತರುಣನೊಬ್ಬನ ಪಾಲಿಗೆ ಇದಕ್ಕಿಂತ ಕಷ್ಟದ ಕಾಲ ಯಾವುದು?

ಇಲ್ಲಿ ಅವರು ಎದೆಗುಂದಿ ಕುಳಿತುಕೊಳ್ಳಲಿಲ್ಲ. ಊರ ಕಡೆಗೆ ತಿರುಗಿ ಬೆಳಗಾವಿಯಲ್ಲಿ ಶಾಲಾ ಶಿಕ್ಷಕರಾದರು. ಕೆಲವು ವರ್ಷಗಳ ಮೇಲೆ ಪುಣೆಯಲ್ಲಿ ರೆವಿನ್ಯೂ ಕಮಿಷನರರ ಕಚೇರಿಯಲ್ಲಿ ನೌಕರಿ ದೊರೆಯಿತು. ಶಾಲೆಯ ಹಲಗೆಯೂ ಕಚೇರಿಯ ಕಾಗದಪತ್ರಗಳೂ ಅವರಿಗೆ ಅನ್ನ ಕೊಟ್ಟವು. ಆದರೆ ನಾಟಕದ ಹಂಬಲವನ್ನು ಅವರು ಬಿಟ್ಟುಕೊಡಲಿಲ್ಲ. ಹಗಲು ಸರಕಾರದ ಕೆಲಸವಿದ್ದವನಿಗೆ ತನ್ನದೆಂದು ಉಳಿಯುವುದು ಸಂಜೆ, ರಾತ್ರಿ ಮತ್ತು ರಜೆಯ ದಿನ ಮಾತ್ರ. ಆ ಅಲ್ಪ ಸಮಯದಲ್ಲಿಯೇ ಓದು, ಬರವಣಿಗೆ, ಹಾಡಿಕೆ, ತಾಲೀಮು ಎಲ್ಲವೂ ನಡೆಯಬೇಕು. ಬೆಳಗಾವಿಯಲ್ಲಿದ್ದಾಗಲೇ 1873ರಲ್ಲಿ ಶ್ರೀಶಂಕರ ದಿಗ್ವಿಜಯ ಎಂಬ ಗದ್ಯನಾಟಕವನ್ನು ರಚಿಸಿದರು.

ಶಿಕ್ಷಕ ವೃತ್ತಿಯೂ ಅವರಿಗೆ ಒಂದು ದೊಡ್ಡ ಲಾಭವನ್ನು ತಂದುಕೊಟ್ಟಿತು. ಬೆಳಗಾವಿಯಲ್ಲಿ ಅವರ ಕೈಯಲ್ಲಿ ಕಲಿತ ಹುಡುಗರಲ್ಲಿ ಗೋವಿಂದ ಬಲ್ಲಾಳ ದೇವಲರು ಒಬ್ಬರು. ಈ ಶಿಷ್ಯರು ಮುಂದೆ ಗುರುಗಳ ಮಂಡಳಿಯನ್ನೇ ಸೇರಿ, ನಟರಿಗೆ ಅಭಿನಯ ಕಲಿಸುವ ಗುರುಗಳಾದರು. ಚಿಕ್ಕ ಹುಡುಗಿಯನ್ನು ಹಣದಾಸೆಗಾಗಿ ಮುದುಕನಿಗೆ ಮದುವೆ ಮಾಡಿಕೊಡುವ ದುಷ್ಟ ಪದ್ಧತಿಯನ್ನು ಖಂಡಿಸುವ ಶಾರದಾ ನಾಟಕವನ್ನು 1899ರಲ್ಲಿ ರಂಗಕ್ಕೆ ತಂದವರು ಇವರೇ. ಶಾಲೆಯ ಕೋಣೆಯಲ್ಲಿ ಕಳೆದ ಕಾಲ ವ್ಯರ್ಥವಾಗಲಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಆ ಕಾಲದ ಪೌರಾಣಿಕ ನಾಟಕಗಳ ರೀತಿಯೇ ಬೇರೆ. ಸೂತ್ರಧಾರನು ಎಲ್ಲ ಪದಗಳನ್ನೂ ತಾನೇ ಹಾಡುತ್ತಿದ್ದನು. ಪಾತ್ರಧಾರಿಗಳು ಅದಕ್ಕೆ ತಕ್ಕಂತೆ ಅಭಿನಯಿಸಿ, ಹೊತ್ತಿಗೆ ಹೊಳೆದ ಮಾತುಗಳನ್ನು ಆಡುತ್ತಿದ್ದರು. ರಾಕ್ಷಸರ ಕೂಗಾಟವೂ ಕತ್ತಿವರಸೆಯೂ ಬೇಕಾದಷ್ಟು ಇರುತ್ತಿದ್ದವು. ಇನ್ನೊಂದು ಕಡೆ ಪಾರಸಿ ಕಂಪನಿಗಳು ಪರದೆ, ಬೆಳಕು, ಹಾಡು ಕುಣಿತಗಳಿಂದ ಜನರ ಕಣ್ಣು ಕುಕ್ಕುತ್ತಿದ್ದವು. 1880ರಲ್ಲಿ ಅಂಥ ಕಂಪನಿಯೊಂದರ ಇಂದ್ರಸಭಾ ಆಟವನ್ನು ನೋಡಿದ ಅಣ್ಣಾಸಾಹೇಬರಿಗೆ, ಇಂಥ ಸೊಗಸಿನ ನಾಟಕ ನಮ್ಮ ಭಾಷೆಯಲ್ಲಿ ಏಕೆ ಆಗಬಾರದು ಎನಿಸಿತು. ಆದರೆ ಅವರು ಕೇವಲ ಥಳಕನ್ನು ಅನುಕರಿಸಲಿಲ್ಲ. ಕಾಳಿದಾಸನ ಶಾಕುಂತಲವನ್ನು ಎತ್ತಿಕೊಂಡರು. ಮಾತುಗಳನ್ನು ಬರೆದು ಗೊತ್ತುಪಡಿಸಿದರು. ಪದಗಳನ್ನು ಆಯಾ ಪಾತ್ರಧಾರಿಯೇ ಹಾಡುವಂತೆ ಮಾಡಿದರು. ನಮ್ಮ ಕನ್ನಡ ನಾಡಿನಲ್ಲಿ ಕೇಳಿ ಬಲ್ಲ ಧಾಟಿಗಳನ್ನೂ ಆ ಪದಗಳಿಗೆ ಅಳವಡಿಸಿದರು. ಗುರ್ಲಹೊಸೂರಿನ ಬಾಲ್ಯ ಪುಣೆಯ ರಂಗದ ಮೇಲೆ ಹಾಡಾಗಿ ಬಂದಿತು.

1880ನೆಯ ಅಕ್ಟೋಬರ್ 31ರಂದು ಪುಣೆಯ ಆನಂದೋದ್ಭವ ನಾಟಕಗೃಹದಲ್ಲಿ ಸಂಗೀತ ಶಾಕುಂತಲದ ಮೊದಲ ಪ್ರಯೋಗ ನಡೆಯಿತು. ಅಂದು ಏಳು ಅಂಕಗಳೂ ಸಿದ್ಧವಾಗಿರಲಿಲ್ಲ. ನಾಲ್ಕು ಅಂಕಗಳನ್ನು ಮಾತ್ರ ಆಡಿದರು. ಅಣ್ಣಾಸಾಹೇಬರು ತಾವೇ ಸೂತ್ರಧಾರರಾಗಿ ರಂಗದ ಮೇಲೆ ನಿಂತರು. ಮೋರೋಬಾ ವಾಘೋಲೀಕರರು ದುಷ್ಯಂತನಾದರು. ಸ್ತ್ರೀಯರು ರಂಗವನ್ನೇರದ ಆ ಕಾಲದಲ್ಲಿ ಶಂಕರರಾವ ಮುಜುಮದಾರರು ಶಕುಂತಲೆಯಾದರು. ಬಾಳಕೋಬಾ ನಾಟೇಕರರ ಕಂಠಮಾಧುರ್ಯವೂ ಕೂಡಿತು. ಜನರು ಮಾರುಹೋದರು. ಉಳಿದ ಅಂಕಗಳು ಆಮೇಲೆ ಸೇರಿ ನಾಟಕ ಪೂರ್ಣವಾಯಿತು. ಆಗ ಅಣ್ಣಾಸಾಹೇಬರಿಗೆ 37 ವರ್ಷ. ಕೈಯಲ್ಲಿ ಇದ್ದಷ್ಟನ್ನು ಚೆನ್ನಾಗಿ ಮಾಡಿ ತೋರಿಸಿ, ಉಳಿದುದನ್ನು ಮುಂದೆ ಕೂಡಿಸುವ ಈ ರೀತಿ ಅವರ ಇಡೀ ಜೀವನದ ರೀತಿಯೇ ಆಗಿತ್ತು.

ಕಿರ್ಲೋಸ್ಕರ ನಾಟಕ ಮಂಡಳಿ ತನ್ನ ಕಾಲ ಮೇಲೆ ನಿಲ್ಲಬಲ್ಲದು ಎಂಬುದು ಖಚಿತವಾದ ಮೇಲೆಯೇ ಅವರು ಕಚೇರಿಯ ನೌಕರಿ ಬಿಟ್ಟು ಪೂರ್ಣಕಾಲ ರಂಗಸೇವೆಗೆ ನಿಂತರು. 1882ನೆಯ ನವೆಂಬರ್ 18ರಂದು ಸಂಗೀತ ಸೌಭದ್ರದ ಮೊದಲ ಮೂರು ಅಂಕಗಳು ಪುಣೆಯಲ್ಲಿ ರಂಗಕ್ಕೆ ಬಂದವು. ಮರುವರ್ಷ ಅದು ಪೂರ್ಣವಾಯಿತು. ಸುಭದ್ರೆಯನ್ನು ದುರ್ಯೋಧನನಿಗೆ ಕೊಡಬೇಕೆಂದು ಬಲರಾಮನ ಹಟ. ಅರ್ಜುನನಿಗೇ ಸಲ್ಲಬೇಕೆಂದು ಕೃಷ್ಣನ ಉಪಾಯ. ಮಹಾಭಾರತದ ಈ ಕಥೆಯನ್ನು ಅವರು ನಮ್ಮ ನಿಮ್ಮ ಮನೆಗಳಲ್ಲಿ ನಡೆಯುವ ಮದುವೆಯ ಮಾತುಕತೆಯಷ್ಟು ಸಹಜವಾಗಿ ಚಿತ್ರಿಸಿದರು. ಬಡೋದೆಯಿಂದ ಬಂದ ತರುಣ ಗಾಯಕ ಭಾವುರಾವ ಕೊಲ್ಹಟಕರರು ಸುಭದ್ರೆಯಾಗಿ ಕೀರ್ತಿ ಪಡೆದರು. ನೂರು ವರ್ಷಗಳು ಕಳೆದ ಮೇಲೂ ಸೌಭದ್ರದ ಪ್ರಯೋಗಗಳು ನಿಂತಿಲ್ಲ.

1884ರಲ್ಲಿ ರಾಮರಾಜ್ಯವಿಯೋಗವು ರಂಗಕ್ಕೆ ಬಂದಿತು. ಆದರೆ ಅದನ್ನು ಪೂರ್ಣಗೊಳಿಸುವ ಯೋಗ ಅವರಿಗಿರಲಿಲ್ಲ. 1885ನೆಯ ನವೆಂಬರ್ 2ರಂದು, ಕೇವಲ 42ನೆಯ ವಯಸ್ಸಿನಲ್ಲಿ, ಹುಟ್ಟಿದೂರಾದ ಗುರ್ಲಹೊಸೂರಿನಲ್ಲಿಯೇ ಅವರು ಕಣ್ಣು ಮುಚ್ಚಿದರು. ಅವರು ಕಟ್ಟಿದ ಮಂಡಳಿ ಮಾತ್ರ ಹಲವು ದಶಕ ಬಾಳಿತು. ಮಹಾನಟ ಬಾಲಗಂಧರ್ವರು 1905ರಲ್ಲಿ ಬಣ್ಣ ಹಚ್ಚಿದ್ದು ಇದೇ ಮಂಡಳಿಯಲ್ಲಿ, ಇದೇ ಶಕುಂತಲೆಯ ಪಾತ್ರದಲ್ಲಿ.

ಮರಾಠಿ ನಾಟಕಗಳನ್ನು ಕಂಡು ನಮ್ಮ ಕನ್ನಡಿಗರು ಸುಮ್ಮನೆ ಕೂಡಲಿಲ್ಲ. ಗದುಗಿನ ಕಡೆ ಶಾಂತಕವಿಗಳೆಂದು ಹೆಸರಾದ ಸಕ್ಕರಿ ಬಾಳಾಚಾರ್ಯರು ಕನ್ನಡ ನಾಟಕಗಳನ್ನು ರಚಿಸಿ, ಮಂಡಳಿಯನ್ನು ಕಟ್ಟಿ ಆಡಿಸಿದರು. ಅವರೂ ಶಾಲಾ ಶಿಕ್ಷಕರೇ. ಎರಡು ಭಾಷೆಗಳ ರಂಗಭೂಮಿಗೂ ಸಂಬಳದ ಮೇಲೆ ಬದುಕಿದ ಮಾಸ್ತರರೇ ಅಡಿಗಲ್ಲು ಹಾಕಿದರು ಎಂಬುದು ವಿಚಾರ ಮಾಡತಕ್ಕ ಮಾತು.

ವಿದ್ಯಾರ್ಥಿ ಮಿತ್ರರೇ, ಅಣ್ಣಾಸಾಹೇಬರಿಗೆ ಪೂರ್ಣಾವಧಿಯ ರಂಗಜೀವನ ದೊರೆತದ್ದು ನಾಲ್ಕೈದು ವರ್ಷ ಮಾತ್ರ. ಅದಕ್ಕೆ ಮೊದಲಿನ ಹದಿನೈದು ವರ್ಷಗಳನ್ನು ನೌಕರಿ ತಿಂದುಹಾಕಿತು ಎಂದು ಕೆಲವರು ಹೇಳಬಹುದು. ನಮಗೆ ಹಾಗೆನಿಸುವುದಿಲ್ಲ. ಅನ್ನದ ಚಿಂತೆ ಇಲ್ಲದ್ದರಿಂದಲೇ ಅವರು ಒಂದು ಮಂಡಳಿ ಮುರಿದರೂ ಇನ್ನೊಂದನ್ನು ಕಟ್ಟುವವರೆಗೆ ಕಾಯಬಲ್ಲವರಾದರು. ಕೂಡಿಟ್ಟ ಓದು, ಕೇಳಿದ ಧಾಟಿ, ಕಲಿಸಿದ ಶಿಷ್ಯ ಎಲ್ಲವೂ ಸಮಯಕ್ಕೆ ಸರಿಯಾಗಿ ಒದಗಿದವು. ಆದುದರಿಂದ ಕಲೆಯ ಹುಚ್ಚಿನಲ್ಲಿ ಓದು ಬಿಡಬೇಡಿರಿ. ಓದಿನ ನೆಪದಲ್ಲಿ ಕಲೆಯನ್ನೂ ಬಿಡಬೇಡಿರಿ. ಪಾಲಕರಲ್ಲಿಯೂ ನಮ್ಮದೊಂದು ಬಿನ್ನಹ: ಮಗನಾಗಲಿ ಮಗಳಾಗಲಿ ಮನೆಗೆಲಸ, ಹೊಲದ ಕೆಲಸ, ಅಭ್ಯಾಸ ಮುಗಿಸಿ ಸಂಜೆ ಒಂದು ತಾಸು ಹಾಡಿಗೋ ನಾಟಕದ ತಾಲೀಮಿಗೋ ಹೋಗುತ್ತೇನೆಂದರೆ ಬೇಡವೆನ್ನದಿರಿ. ಸಂಗೀತ ಶಾಕುಂತಲವು ಬೆಳೆದು ಬಂದದ್ದು ಅಂಥ ಸಂಜೆಗಳಲ್ಲಿಯೇ.