ಕಿಬ್ಲಾದ ಲೆಕ್ಕ ಹಾಕಿದ ಅಲ್‌ಬಿರೂನಿ

ನಾನು ವಿಜ್ಞಾನ ವಿಭಾಗ ಸೇರುವಾಗ, ಅದನ್ನು ಓದಿದರೆ ಈಮಾನ್ ಸಡಿಲವಾದೀತು ಎಂದು ನೆಂಟರೊಬ್ಬರು ಹೇಳಿದ್ದರು. ಆಗ ಉತ್ತರ ಹೊಳೆಯಲಿಲ್ಲ. ಈಗ ಅವರು ಸಿಕ್ಕರೆ ಅಬೂ ರೈಹಾನ್ ಅಲ್‌ಬಿರೂನಿಯವರ ಕಥೆ ಹೇಳುತ್ತೇನೆ.

ಬಿರೂನಿ 973ರಲ್ಲಿ ಖ್ವಾರಿಜ್ಮ್‌ನಲ್ಲಿ, ಅಂದರೆ ಈಗಿನ ಉಜ್ಬೇಕಿಸ್ತಾನದ ಕಡೆ, ಹುಟ್ಟಿದರು. 1017ರಲ್ಲಿ ಆ ನಾಡನ್ನು ಗೆದ್ದ ಸುಲ್ತಾನ್ ಮಹಮೂದ್ ಅವರನ್ನು ಘಜ್ನಿಗೆ ಕರೆದೊಯ್ದ. ಅಲ್ಲಿಂದ ಮಕ್ಕಾ ಯಾವ ದಿಕ್ಕಿಗಿದೆ? ಭೂಮಿ ದುಂಡಗಿರುವುದರಿಂದ ಅಂದಾಜಿನಲ್ಲಿ ಕೈ ತೋರಿಸಿದರೆ ಸಾಲದು; ಗೋಳದ ಮೇಲಿನ ತ್ರಿಕೋನ ಬಿಡಿಸಬೇಕು. ಬಿರೂನಿ ಅದನ್ನು ಬಿಡಿಸಿ ಗ್ರಂಥವನ್ನೇ ಬರೆದರು. ಪಂಜಾಬಿನ ನಂದನ ಕೋಟೆಯ ಬಳಿ ಬೆಟ್ಟ ಹತ್ತಿ, ದಿಗಂತ ಎಷ್ಟು ಕೆಳಗೆ ಬಾಗಿದೆ ಎಂದು ಅಳೆದರು. ಸಿಕ್ಕಿದ ಕೋನ 34 ಮಿನಿಟು, ಒಂದು ಡಿಗ್ರಿಯೂ ಇಲ್ಲ! ಆ ಕೋನ ಮತ್ತು ಬೆಟ್ಟದ ಎತ್ತರ, ಇವೆರಡರಿಂದಲೇ ಭೂಮಿಯ ತ್ರಿಜ್ಯ ತೆಗೆದರು. (ನಾವು ಗೊಣಗಿಕೊಂಡು ಕಲಿಯುವ ಅದೇ ಕೊಸೈನ್.)

ನನಗೆ ಹೆಚ್ಚು ಹಿಡಿಸಿದ್ದು ನೆರಳಿನ ಬಗೆಗಿನ ಅವರ ಗ್ರಂಥದಲ್ಲಿರುವ ಒಂದು ಘಟನೆ. ನಮಾಝಿನ ವೇಳೆ ತಿಳಿಸುವ ಉಪಕರಣವೊಂದರ ಮೇಲೆ ರೋಮನ್ನರ ತಿಂಗಳುಗಳ ಹೆಸರಿತ್ತು. ಅನ್ಯಧರ್ಮದವರದ್ದೆಂದು ವೇಳೆಯ ಹೊಣೆ ಹೊತ್ತವರೊಬ್ಬರು ಅದನ್ನು ಮುಟ್ಟಲಿಲ್ಲ. ಹಾಗಾದರೆ ರೋಮನ್ನರಂತೆ ಊಟ ಮಾಡುವುದನ್ನೂ ಪೇಟೆಗೆ ಹೋಗುವುದನ್ನೂ ಬಿಡಬೇಕಾಗುತ್ತದಲ್ಲ ಎಂದು ಬಿರೂನಿ ಕೇಳಿದರು. ಉಪಕರಣ ಸರಿಯಾಗಿದೆಯೇ ಎಂಬುದಷ್ಟೇ ಅವರಿಗೆ ಮುಖ್ಯ.

ಅದೇ ಮನಸ್ಸಿನಿಂದ ಸಂಸ್ಕೃತ ಕಲಿತು ಇಲ್ಲಿನ ಪಂಡಿತರ ಖಗೋಳಶಾಸ್ತ್ರವನ್ನೂ ಅರಿತರು. ಸುಮಾರು 1050ರಲ್ಲಿ ಘಜ್ನಿಯಲ್ಲೇ ತೀರಿಕೊಂಡರು. ಮೊಬೈಲಿನಲ್ಲಿ ಕಿಬ್ಲಾ ತೋರಿಸುವ ಆ್ಯಪ್ ಇಂದಿಗೂ ಗೋಳದ ಮೇಲಿನ ಅದೇ ತ್ರಿಕೋನವನ್ನು ಬಿಡಿಸುತ್ತಿದೆ. ಆ ನೆಂಟರ ಮೊಬೈಲಿನಲ್ಲೂ ಅದು ಇದೆ.