ರಘುನಾಥ ಧೋಂಡೊ ಕರ್ವೆ: ಮುಚ್ಚಿಟ್ಟ ವಿಷಯವನ್ನು ತಾಯ್ನುಡಿಗೆ ತಂದ ಪ್ರಾಧ್ಯಾಪಕ

ಕರ್ವೆ ಎಂಬ ಹೆಸರು ಕೇಳಿದೊಡನೆ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ನಮ್ಮ ವಿದ್ಯಾರ್ಥಿಗಳಿಗೆ ನೆನಪಾಗುವುದು ಮಹರ್ಷಿ ಧೋಂಡೊ ಕೇಶವ ಕರ್ವೆಯವರು. ವಿಧವಾ ವಿವಾಹಕ್ಕಾಗಿ ಹೋರಾಡಿದ, 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯ ಸ್ಥಾಪಿಸಿದ ಅವರಿಗೆ 1958ರಲ್ಲಿ ಭಾರತರತ್ನ ದೊರೆಯಿತು. ಅವರ ಹಿರಿಯ ಮಗ ರಘುನಾಥರದು ಮಾತ್ರ ಪಠ್ಯಪುಸ್ತಕಗಳು ಮೌನ ವಹಿಸುವ ಹೆಸರು. ಆ ಮೌನಕ್ಕೆ ಕಾರಣ ಅವರು ಆರಿಸಿಕೊಂಡ ವಿಷಯ.

ರಘುನಾಥರು ಜನಿಸಿದ್ದು 1882ರ ಜನವರಿ 14ರಂದು. ಒಂಬತ್ತು ವರ್ಷದವರಿದ್ದಾಗ, 1891ರಲ್ಲಿ, ತಾಯಿ ರಾಧಾಬಾಯಿ ಹೆರಿಗೆಯಲ್ಲಿ ತೀರಿಕೊಂಡರು. ಓದಿನಲ್ಲಿ ಅವರು ಬಲು ಚುರುಕು. ಪುಣೆಯಲ್ಲಿ ಶಾಲೆ ಮುಗಿಸಿ, ಫರ್ಗ್ಯುಸನ್ ಕಾಲೇಜಿನಿಂದ 1904ರಲ್ಲಿ ಪದವಿ ಪಡೆದರು. ಗಣಿತದ ಉನ್ನತ ವ್ಯಾಸಂಗಕ್ಕೆ ಪ್ಯಾರಿಸ್ಸಿಗೂ ಹೋಗಿ ಬಂದರು. ಮುಂಬಯಿಯ ವಿಲ್ಸನ್ ಕಾಲೇಜಿನಲ್ಲಿ ಗಣಿತ ಪ್ರಾಧ್ಯಾಪಕರಾದರು. ನೆಮ್ಮದಿಯ ನೌಕರಿ, ಸಮಾಜದಲ್ಲಿ ಮನ್ನಣೆ, ಎರಡೂ ಅವರಿಗಿದ್ದವು.

ಆದರೆ ಅವರ ಗಮನ ಸೆಳೆದದ್ದು ಮನೆಮನೆಯ ಸಂಕಟ. ಮೇಲಿಂದ ಮೇಲೆ ಹೆರಿಗೆಯಾಗಿ ಬಸವಳಿದ ತಾಯಂದಿರು, ಹೇಳಿಕೊಳ್ಳಲಾಗದ ಗುಪ್ತರೋಗಗಳಿಂದ ನರಳುವ ಗಂಡಸರು, ಏನೂ ತಿಳಿಯದೆ ಆ ರೋಗವನ್ನು ಗಂಡಂದಿರಿಂದ ಪಡೆಯುವ ಹೆಂಡಂದಿರು. ಇದಕ್ಕೆಲ್ಲ ಮೂಲ ಅಜ್ಞಾನ ಮತ್ತು ನಾಚಿಕೆಯೆಂದು ರಘುನಾಥರು ಕಂಡುಕೊಂಡರು. 1921ರಲ್ಲಿ ಮುಂಬಯಿಯಲ್ಲಿ ಸಂತಾನ ನಿಯಂತ್ರಣ ಕೇಂದ್ರವನ್ನು ತೆರೆದರು. ಲಂಡನ್ನಿನಲ್ಲಿ ಅಂಥ ಮೊದಲ ಕೇಂದ್ರ ಆರಂಭವಾದದ್ದೂ ಅದೇ ವರ್ಷ. ಸಂತಾನ ನಿಯಂತ್ರಣದ ಕುರಿತು, ಗುಪ್ತರೋಗಗಳಿಂದ ರಕ್ಷಿಸಿಕೊಳ್ಳುವ ಬಗೆಯ ಕುರಿತು ಮರಾಠಿಯಲ್ಲಿ ಪುಸ್ತಕಗಳನ್ನು ಬರೆದರು. ಕಾಲೇಜಿನ ಆಡಳಿತಕ್ಕೆ ಇದು ಸರಿಬರಲಿಲ್ಲ. ನೌಕರಿ ಬಿಡಬೇಕಾಯಿತು; ಹಿಡಿದ ಕೆಲಸವನ್ನು ಅವರು ಬಿಡಲಿಲ್ಲ.

1927ರ ಜುಲೈ ತಿಂಗಳಲ್ಲಿ ‘ಸಮಾಜಸ್ವಾಸ್ಥ್ಯ’ ಎಂಬ ಮರಾಠಿ ಮಾಸಪತ್ರಿಕೆ ಹೊರಟಿತು. ವೈದ್ಯರೆದುರೂ ಬಾಯಿಬಿಡದ ಓದುಗರು ಪತ್ರ ಬರೆದು ಪ್ರಶ್ನೆ ಕೇಳುತ್ತಿದ್ದರು. ಸಂಪಾದಕರು ಸುತ್ತುಬಳಸದೆ ಉತ್ತರಿಸುತ್ತಿದ್ದರು. ಹಣದ ಮುಗ್ಗಟ್ಟು ಎಂದೂ ತಪ್ಪಲಿಲ್ಲ. ಪತ್ನಿ ಮಾಲತಿಯವರು ಬೆನ್ನೆಲುಬಾಗಿ ನಿಂತರು. ಮಕ್ಕಳು ಬೇಡವೆಂದು ದಂಪತಿಗಳು ತಾವೇ ನಿರ್ಧರಿಸಿಕೊಂಡಿದ್ದರು.

ಅಶ್ಲೀಲತೆಯ ಆರೋಪದ ಮೇಲೆ ಅವರು ಮತ್ತೆ ಮತ್ತೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. 1934ರ ಮೊಕದ್ದಮೆಯಲ್ಲಿ ಅವರ ಪರ ವಾದಿಸಿದವರು ಡಾ. ಬಾಬಾಸಾಹೇಬ ಅಂಬೇಡ್ಕರ್. ಲೈಂಗಿಕ ಆರೋಗ್ಯಕ್ಕೆಂದೇ ಇರುವ ಪತ್ರಿಕೆ ಓದುಗರ ಪ್ರಶ್ನೆಗೆ ಉತ್ತರಿಸದೆ ಇರಲಾಗದು, ಲೈಂಗಿಕತೆಯ ಕುರಿತು ಬರೆದ ಮಾತ್ರಕ್ಕೆ ಬರಹ ಅಶ್ಲೀಲವಾಗದು ಎಂಬುದು ಅವರ ವಾದದ ತಿರುಳು. ವಾದ ಗೆಲ್ಲಲಿಲ್ಲ, ರಘುನಾಥರಿಗೆ 200 ರೂಪಾಯಿ ದಂಡ ಬಿತ್ತು. ಪತ್ರಿಕೆ ಮಾತ್ರ ನಿಲ್ಲಲಿಲ್ಲ.

ಕಾಲ ನಿಧಾನವಾಗಿ ಅವರ ಕಡೆಗೆ ವಾಲತೊಡಗಿತ್ತು. 1930ರಲ್ಲಿ ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕೇಂದ್ರಗಳಿಗೆ ಅನುಮತಿ ನೀಡಿತು. ಸರ್ಕಾರವೊಂದು ಹೀಗೆ ಮುಂದೆ ಬಂದದ್ದು ಜಗತ್ತಿನಲ್ಲೇ ಮೊದಲ ಸಾಲಿನದು. 1952ರಲ್ಲಿ ಭಾರತ ಸರ್ಕಾರ ರಾಷ್ಟ್ರೀಯ ಕುಟುಂಬ ಯೋಜನೆಯನ್ನು ಆರಂಭಿಸಿತು. ಮರುವರ್ಷ, 1953ರ ಅಕ್ಟೋಬರ್ 14ರಂದು, ರಘುನಾಥರು ಕಣ್ಮುಚ್ಚಿದರು. ಅವರೊಡನೆ ಪತ್ರಿಕೆಯೂ ಕೊನೆಗೊಂಡಿತು. 1968ರಲ್ಲಿ ಸರ್ಕಾರವೇ ‘ನಿರೋಧ್’ ಹೆಸರಿನ ಕಾಂಡೋಮ್ ಅನ್ನು ಕಿರಾಣಿ ಅಂಗಡಿಗಳವರೆಗೆ ತಲುಪಿಸಿತು. ಯಾವ ಮಾತಿಗಾಗಿ ಒಬ್ಬ ಪ್ರಾಧ್ಯಾಪಕ ದಂಡ ತೆತ್ತನೋ ಆ ಮಾತು ಸರ್ಕಾರಿ ಗೋಡೆಗಳ ಮೇಲೆ ಬರಹವಾಯಿತು.

ಪಾಲಕರು ಈ ಜೀವನದಿಂದ ಗ್ರಹಿಸಬೇಕಾದ ಸಂಗತಿಯೊಂದಿದೆ. ರಘುನಾಥರು ಇಂಗ್ಲಿಷ್, ಫ್ರೆಂಚ್ ಬಲ್ಲವರಾಗಿದ್ದೂ ಈ ತಿಳಿವಳಿಕೆಯನ್ನು ತಾಯ್ನುಡಿಯಲ್ಲಿ ಹಂಚಿದರು. ಗಡಿಯಾಚೆಯ ಕನ್ನಡ ಶಾಲೆಗಳಲ್ಲಿ ಓದಿದ ನಮ್ಮ ಹುಡುಗರು ದುಡಿಮೆಗೆಂದು ಪುಣೆ, ಮುಂಬಯಿ, ಬೆಂಗಳೂರು, ಹೈದರಾಬಾದಿಗೆ ಹೋಗುತ್ತಾರೆ. ಗರ್ಭಧಾರಣೆಯನ್ನೂ ಎಚ್‌ಐವಿ ಮೊದಲಾದ ಸೋಂಕುಗಳನ್ನೂ ಒಟ್ಟಿಗೆ ತಡೆಯಬಲ್ಲ ಸಾಧನ ಕಾಂಡೋಮ್. ಅದು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತದೆ. 1097ಕ್ಕೆ ಕರೆ ಮಾಡಿದರೆ ಎಚ್‌ಐವಿ ಕುರಿತ ಮಾಹಿತಿ ಸಿಗುತ್ತದೆ. ಆದರೆ ಇದನ್ನು ಕೇಳಲು ನಾಚದಂತೆ ಮಗನನ್ನು ಬೆಳೆಸುವುದು ಮನೆಯ ಮತ್ತು ಶಾಲೆಯ ಕೆಲಸ. ಮನೆಯ ಮಾತಿನಲ್ಲಿ ನಾವು ಹೇಳದೆ ಹೋದರೆ, ಅವನು ಮೊಬೈಲಿನ ಅರೆಬರೆ ಮಾತನ್ನೇ ಪಾಠವೆಂದು ನಂಬುತ್ತಾನೆ. ಶಾಲೆಯ ಪಾಲಕರ ಸಭೆಗೆ ಊರಿನ ವೈದ್ಯರನ್ನೋ ಆರೋಗ್ಯ ಕಾರ್ಯಕರ್ತರನ್ನೋ ಕರೆಸಿ, ಹತ್ತನೆಯ ತರಗತಿ ದಾಟಿದ ಹುಡುಗರಿಗೆ ಕನ್ನಡದಲ್ಲೇ ಈ ವಿಷಯವನ್ನು ತಿಳಿಸಿಕೊಡಲು ಕೇಳುವುದು ನಮ್ಮಿಂದಾಗದ ಕೆಲಸವೇನಲ್ಲ.